ಅಮಾವಾಸ್ಯೆಯ ದಿನ ಕಿತ್ತ ಡಿಸ್ಕು

ಹಣಮಂತಜ್ಜ ಆ ಡಿಸ್ಕಿಗೆ ಏನೂ ಮಾಡಿರಲಿಲ್ಲ. ಮಾಟ ಮಾಡಿರಲಿಲ್ಲ, ಅಳಿಸಿರಲಿಲ್ಲ, ಕೆಳಗೆ ಬೀಳಿಸಿಯೂ ಇರಲಿಲ್ಲ. ಅದನ್ನು ಹಾಳು ಮಾಡಿದವಳು ನಾನು. ಹಾಳಾಗಿದೆ ಎಂದು ಗೊತ್ತಿದ್ದೂ ಅವನ ಕೈಯಲ್ಲಿಟ್ಟು ಕಳಿಸಿದವಳು ನಾನು. ಆಮೇಲೆ ಮುದನಾಳದ ಗೌಡರು ಕೇಳಲು ಬಂದಾಗ, ಒಂದೇ ಒಂದು ಪ್ರಶ್ನೆ ಕೇಳಿ ಸಂಶಯವನ್ನು ಆ ಮುದುಕನ ತಲೆಗೆ ಕಟ್ಟಿದವಳೂ ನಾನೇ. ಹನ್ನೊಂದು ವರ್ಷವಾಯಿತು. ನನ್ನ ಗಂಡನಿಗೆ ನಿನ್ನೆಯವರೆಗೆ ಹೇಳಿರಲಿಲ್ಲ, ಅವ್ವನಿಗೆ ಇನ್ನೂ ಹೇಳಿಲ್ಲ. ಹೇಳಬೇಕಾದವರಿಗಂತೂ ಮೊನ್ನೆಯವರೆಗೆ —

ನನ್ನ ಹೆಸರು ಮಾಳಮ್ಮ. ಹುಟ್ಟಿದ್ದು ವನದುರ್ಗದಲ್ಲಿ, ಕುರಿ ಸಾಕುವ ಮನೆಯಲ್ಲಿ. ಈಗ ಸುರಪುರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತೇನೆ. ಓದು ಮುಗಿದ ಹೊಸದರಲ್ಲಿ ಶಹಾಪುರದ ಬಸಣ್ಣ ಸಾವ್ಕಾರರ ವಿಡಿಯೊ ಅಂಗಡಿಯಲ್ಲಿ ಮೂರು ವರ್ಷ ಕೆಲಸ ಮಾಡಿದ್ದೆ. ನಾನು ಹೇಳಹೊರಟಿರುವುದು ಆ ಅಂಗಡಿಯಲ್ಲಿ ನಡೆದದ್ದು.

ಇಷ್ಟು ದಿನ ಮುಚ್ಚಿಟ್ಟಿದ್ದು ಈಗ ಯಾಕೆ ಬಾಯಿಗೆ ಬಂತು ಎಂದು ಕೇಳಬಹುದು. ತರಗತಿಯಲ್ಲಿ ಒಂದು ಹುಡುಗಿ ಕೇಳಿದ ಪ್ರಶ್ನೆಯಿಂದ. ಅಂದು ಫೈಲ್ ಸಿಸ್ಟಮ್ ಪಾಠವಿತ್ತು. ಡಿಸ್ಕಿನಲ್ಲಿ ಯಾವ ಫೈಲು ಎಲ್ಲಿದೆ, ಎಷ್ಟು ಉದ್ದವಿದೆ ಎಂದು ಪಟ್ಟಿ ಇಟ್ಟುಕೊಂಡು ಕಾಯುವುದು ಅದರ ಕೆಲಸ. ನಾನು ಮಕ್ಕಳಿಗೆ ಹಳೆಯ ಕಾಲದ ಪಟವಾರಿ ಎಂದು ಹೇಳಿಕೊಡುತ್ತೇನೆ — ಹೊಲ ಅವನದಲ್ಲ, ಆದರೆ ಯಾರ ಹೊಲ ಎಲ್ಲಿಂದ ಎಲ್ಲಿಯವರೆಗೆ ಎಂದು ಅವನ ದಫ್ತರ ಹೇಳಬೇಕು. ಆ ದಿನದ ಪಾಠ, ಕರೆಂಟು ಹೋದರೂ ಮರೆಯದ ಹೊಸ ಬಗೆಯ ಮೆಮೊರಿಯ ಬಗ್ಗೆ. ಅದರಲ್ಲಿ ಪ್ರೋಗ್ರಾಮುಗಳು ನಡುವೆ ಯಾರನ್ನೂ ಕೇಳದೆ ನೇರವಾಗಿ ಕೈಯಿಟ್ಟು ಓದುತ್ತವೆ, ಬರೆಯುತ್ತವೆ. ಹಾಗಾಗಿ ಅದನ್ನು ತೆಗೆಯಬೇಕಾದರೆ ಫೈಲ್ ಸಿಸ್ಟಮ್ ಮೊದಲು ಹೊಸ ಬರವಣಿಗೆಯನ್ನೆಲ್ಲ ನಿಲ್ಲಿಸುತ್ತದೆ. ಯಾವ ತುಣುಕು ಯಾವ ಫೈಲಿನದು, ಅದನ್ನು ಈಗ ಯಾರು ಹಿಡಿದಿದ್ದಾರೆ ಎಂದು ಹುಡುಕುತ್ತದೆ. ಹಿಡಿದವರೆಲ್ಲರ ಕೈ ಬಿಡಿಸುತ್ತದೆ. ಬಿಡದ ಪ್ರೋಗ್ರಾಮನ್ನು ಅಲ್ಲಿಗೇ ಕೊನೆಗೊಳಿಸುತ್ತದೆ. ಆಮೇಲೆಯೇ ಸಾಧನಕ್ಕೆ ಬಿಡುಗಡೆ. ಅಷ್ಟಾದ ಮೇಲೂ ಯಾರಾದರೂ ಬಂದು ಆ ಫೈಲು ಕೇಳಿದರೆ, ಖಾಲಿ ಹಾಳೆ ತೋರಿಸಿ ‘ಇದೇ ನೋಡು’ ಎನ್ನುವುದಿಲ್ಲ. ತಪ್ಪಾಗಿದೆ, ಕೊಡಲಾರೆ ಎಂದು ಸ್ಪಷ್ಟವಾಗಿ ಉತ್ತರಿಸುತ್ತದೆ.

ಬೋನಾಳದ ಕಡೆಯಿಂದ ಬರುವ ಹುಡುಗಿಯೊಬ್ಬಳು ಎದ್ದು ನಿಂತಳು.

“ಮೇಡಂ, ಇದೆಲ್ಲಾ ಹೇಳಿ ಕೇಳಿ ತಗದ್ರ ಆತ್ರಿ. ಹೇಳದ ಕಿತ್ರ?”

ಬರೆಯುತ್ತಿದ್ದುದು ಅರ್ಧಕ್ಕೇ ಹೋಗುತ್ತದೆ ಎಂದೆ. ಯಾವ ಹೊತ್ತಿಗೆ, ಯಾವ ಸಾಧನ ಹೇಳದೆ ಹೋಯಿತು ಎಂದು ಸಿಸ್ಟಮ್ ತನ್ನ ದಿನಚರಿಯಲ್ಲಿ ಬರೆದಿಡುತ್ತದೆ ಎಂದೂ ಹೇಳಿದೆ.

“ಕಿತ್ತವರು ಯಾರಂತ ಬರಕೋತದೇನ್ರಿ?”

ಇಲ್ಲ, ಕಿತ್ತವರ ಹೆಸರು ಅದಕ್ಕೆ ಗೊತ್ತಾಗುವುದಿಲ್ಲ — ಎಂದು ಹೇಳಿ ಕಪ್ಪುಹಲಗೆಯ ಕಡೆ ತಿರುಗಿದೆ. ಏನು ಬರೆಯಬೇಕೆಂದು ತೋಚಲಿಲ್ಲ. ಆ ಹುಡುಗಿ ಬೇಕೆಂದೇ ಕೇಳಿದಳೋ, ಯಾರಾದರೂ ಹೇಳಿಕೊಟ್ಟು ಕಳಿಸಿದರೋ ಎಂಬ ಸಂಶಯ ಬಂತು. ಹದಿನೆಂಟು ವರ್ಷದ ಹುಡುಗಿಯ ಮೇಲೂ ಸಂಶಯ! ಹನ್ನೊಂದು ವರ್ಷದಿಂದ ನಾನು ಹೀಗೆಯೇ ಆಗಿದ್ದೇನೆ.

ಹೆಳವರು ಯಾರೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಎರಡು ಮಾತು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಬರುತ್ತಾರೆ. ಮನೆಯ ಮುಂದೆ ನಿಂತು ಆ ಮನೆತನದ ತಲೆಮಾರುಗಳನ್ನು ಹಾಡಿ ಹೇಳುತ್ತಾರೆ — ಯಾರ ಮಗ ಯಾರು, ಯಾವ ಊರಿಂದ ಯಾವ ಊರಿಗೆ ಬಂದರು, ಯಾರು ಬಾವಿ ತೋಡಿಸಿದರು, ಯಾರು ಹುಲಿಯ ಎದುರು ನಿಂತರು. ಹುಟ್ಟಿದವರ ಹೆಸರು ಸೇರಿಸಿಕೊಳ್ಳುತ್ತಾರೆ. ಮನೆಯವರು ಅವರಿಗೆ ಜೋಳ ಕೊಡುತ್ತಾರೆ, ನಮ್ಮಂಥವರ ಮನೆಯಲ್ಲಿ ಕಂಬಳಿಯನ್ನೋ ಒಂದು ಕುರಿಮರಿಯನ್ನೋ ಕೊಡುತ್ತಾರೆ. ನಮ್ಮ ಮನೆತನಕ್ಕೆ ಹೆಳವ ಹಣಮಂತಜ್ಜ. ಮುದನಾಳಕ್ಕೂ, ಅದರ ಸುತ್ತಿನ ಮೂರು ಹಳ್ಳಿಗಳಿಗೂ ಅವನೇ. ಅಂಥವನ ಹತ್ತಿರ ಇರುವ ಆಸ್ತಿ ಒಂದೇ, ಅವನು ಹೇಳಿದ್ದನ್ನು ಜನ ನಂಬುತ್ತಾರೆ ಎನ್ನುವುದು. ನಿನ್ನ ಮುತ್ತಜ್ಜನ ಹೆಸರು ಇದು ಎಂದು ಅವನು ಹೇಳಿದರೆ ಅದೇ ಅವನ ಹೆಸರು, ಬೇರೆ ಸಾಕ್ಷಿ ಯಾರು ತರಬೇಕು?

ಅಜ್ಜನ ಹಳೆಯ ಹೊತ್ತಿಗೆಗೆ ಒರಲೆ ಹತ್ತಿತ್ತು. ಮುದನಾಳದ ಭಾಗ ಪೂರ್ತಿ ಪುಡಿಯಾಗಿತ್ತು. ಉಳಿದದ್ದು ಅವನ ತಲೆಯಲ್ಲಿ ಮಾತ್ರ. ಮುದನಾಳದ ಶಂಕ್ರಪ್ಪಗೌಡರು ದೊಡ್ಡ ರೈತರು, ಪೂಜೆಯಿಲ್ಲದೆ ನೀರು ಕುಡಿಯದ ಮನುಷ್ಯ. ಅಜ್ಜನ ಬಾಯಲ್ಲಿ ಇರುವುದನ್ನೆಲ್ಲ ಧ್ವನಿಯಲ್ಲಿ ಹಿಡಿದಿಡಬೇಕೆಂದು ಅವರೇ ಮನಸ್ಸು ಮಾಡಿದರು, ಹೊಸ ಡಿಸ್ಕೊಂದನ್ನು ತಂದುಕೊಟ್ಟರು. ನಾನು ರೆಕಾರ್ಡರ್ ಹಿಡಿದು ಅವರ ಪಡಸಾಲೆಯಲ್ಲಿ ಎರಡು ದಿನ ಕೂತೆ. ಅಜ್ಜ ಕಣ್ಣು ಮುಚ್ಚಿ ಹೇಳುತ್ತ ಹೋದ. ಎಲ್ಲಾದರೂ ಎಡವಿದರೆ ಪಕ್ಕದಲ್ಲಿ ಕೂತಿದ್ದ ಮಗಳು ಲಚಮವ್ವ ಮೊದಲ ಅಕ್ಷರ ಎತ್ತಿಕೊಡುತ್ತಿದ್ದಳು. ಇಪ್ಪತ್ತಮೂರು ಮನೆತನ. ಒಂದೊಂದಕ್ಕೆ ಒಂದೊಂದು ಫೈಲು, ಅದರ ಮೇಲೆ ಆಯಾ ಮನೆತನದ ಹೆಸರು. ನನಗೆ ಆ ಎರಡು ದಿನ ಬಹಳ ಸಂತೋಷವಾಗಿತ್ತು, ಅದನ್ನೂ ಹೇಳಿಬಿಡುತ್ತೇನೆ. ಏನೋ ದೊಡ್ಡ ಕೆಲಸ ಮಾಡುತ್ತಿದ್ದೇನೆ ಎಂದು ಬೀಗುತ್ತಿದ್ದೆ.

ಫೈಲುಗಳನ್ನು ಡಿಸ್ಕಿಗೆ ಹಾಕಿಕೊಡುವ ದಿನ ಅಮಾವಾಸ್ಯೆ. ನಮ್ಮ ಕಡೆ ಅಂಗಡಿ ಇಟ್ಟವರಿಗೆ ಅಮಾವಾಸ್ಯೆ ಎಂದರೆ ಪೂಜೆಯ ದಿನ. ಲಾರಿಗೆ, ಹಿಟ್ಟಿನ ಗಿರಣಿಗೆ, ತಕ್ಕಡಿಗೆ — ಎಲ್ಲದಕ್ಕೂ ವಿಭೂತಿ, ಎಲ್ಲದರ ಮುಂದೆ ಕಾಯಿ. ನಮ್ಮ ಅಂಗಡಿಯಲ್ಲಿ ಕಂಪ್ಯೂಟರಿಗೂ ಹಾಗೆಯೇ. ಬಸಣ್ಣ ಸಾವ್ಕಾರರದು ಒಂದು ನಿಯಮವಿತ್ತು: ಪೂಜೆಯ ಹೊತ್ತಿಗೆ ಮಷೀನು ಓಡುತ್ತಿರಬಾರದು, ಅದಕ್ಕೆ ಬಾಲಗಳೂ ನೇತಾಡಬಾರದು. ಎಲ್ಲಾ ವೈರು ಕಿತ್ತು, ಹಸಿ ಬಟ್ಟೆಯಿಂದ ಒರೆಸಿ, ಮೂರು ಬೆರಳು ವಿಭೂತಿ ಎಳೆಯಬೇಕು.

ನಾನು ಬೆಳಿಗ್ಗೆಯೇ ಫೈಲುಗಳನ್ನು ರೆಕಾರ್ಡರಿನ ಮೆಮೊರಿ ಕಾರ್ಡಿನಿಂದ ಡಿಸ್ಕಿಗೆ ಹಾಕಲು ಶುರು ಮಾಡಿದ್ದೆ. ಕಾಪಿ ಮಾಡಲಿಲ್ಲ, ಕಟ್ ಮಾಡಿ ಹಾಕಿದೆ. ಅಂಗಡಿಯಲ್ಲಿ ಇದ್ದ ಒಳ್ಳೆಯ ಕಾರ್ಡು ಅದೊಂದೇ; ಮಧ್ಯಾಹ್ನ ಸುರಪುರದಲ್ಲಿ ಒಂದು ಜಾತ್ರೆಯ ಚಿತ್ರೀಕರಣಕ್ಕೆ ಅದು ಖಾಲಿಯಾಗಿ ಬೇಕಿತ್ತು. ಇನ್ನೊಂದು ಸಂಗತಿ. ಕಾಪಿ ಬೇಗ ಆಗಲಿ ಎಂದು ಆ ಕಂಪ್ಯೂಟರಿನಲ್ಲಿ ನಾನೇ ಒಂದು ವ್ಯವಸ್ಥೆ ಮಾಡಿದ್ದೆ. ಡಿಸ್ಕಿಗೆ ಹೋಗಬೇಕಾದುದನ್ನು ಮಷೀನು ಮೊದಲು ತನ್ನ ತಲೆಯಲ್ಲಿಟ್ಟುಕೊಂಡು ‘ಮುಗಿಯಿತು’ ಎಂದುಬಿಡುತ್ತದೆ, ಆಮೇಲೆ ಬಿಡುವಾದಂತೆ ನಿಧಾನಕ್ಕೆ ಡಿಸ್ಕಿಗೆ ಇಳಿಸುತ್ತದೆ. ಹಾಗೆ ಮಾಡಿದ ಮೇಲೆ ಡಿಸ್ಕು ತೆಗೆಯುವ ಮುಂಚೆ ‘ತೆಗೆಯಲೇ?’ ಎಂದು ಕೇಳಲೇಬೇಕು, ಅದು ‘ತೆಗೆ’ ಎನ್ನುವವರೆಗೆ ಕಾಯಲೇಬೇಕು. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಅಂಗಡಿಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

ಹಣಮಂತಜ್ಜ ಅಂದು ಅಂಗಡಿಯ ಬೆಂಚಿನ ಮೇಲೆ ಕೂತಿದ್ದ. ಹೇಗೂ ಬಸ್ಸಿನಲ್ಲಿ ಮುದನಾಳಕ್ಕೆ ಬರುತ್ತೀಯಲ್ಲ, ಡಿಸ್ಕು ನೀನೇ ತಗೊಂಡು ಬಾ ಎಂದು ಗೌಡರು ಹೇಳಿಕಳಿಸಿದ್ದರು. ಪರದೆಯ ಮೇಲಿನ ಹಸಿರು ಪಟ್ಟಿ ತುಂಬಿ ಮುಚ್ಚಿಕೊಂಡಿತು. ಅಷ್ಟರಲ್ಲಿ ಪೂಜೆಯ ಅಯ್ನೋರು ಬಂದರು.

“ಲಗೂ ಬಂದ್ ಮಾಡವ್ವ, ನನಗ ಇನ್ನಾ ಹತ್ತ ಅಂಗಡಿ ಅವ.”

ನಾನು ಡಿಸ್ಕಿನ ವೈರಿಗೆ ಕೈ ಹಾಕಿದೆ. ಡಿಸ್ಕಿನ ಮೂಲೆಯಲ್ಲಿ ನೀಲಿ ದೀಪ ಬಡಬಡ ಹೊಡೆದುಕೊಳ್ಳುತ್ತಿತ್ತು. ಅಜ್ಜ ಬೆಂಚಿನಿಂದಲೇ ಬಗ್ಗಿ ನೋಡಿ ಅಂದ —

“ಯವ್ವಾ, ಅದರ ಕಣ್ಣ ಇನ್ನಾ ಮಿಣಮಿಣ ಅನ್ನಾಕತ್ತದಲ್ಲ?”

“ಏನ್ ಆಗಂಗಿಲ್ಲ ಬಿಡಜ್ಜ. ಮುಗ್ದದ.”

ಕಿತ್ತೆ. ಕಿತ್ತ ಕೂಡಲೇ ಪರದೆಯ ಮೇಲೆ ಒಂದು ಚೌಕ ಬಂತು. ನಾನು ಒತ್ತಿ ಅದನ್ನು ಮುಚ್ಚಿದೆ, ಮಷೀನು ಬಂದ್ ಮಾಡಿದೆ, ಹಸಿ ಬಟ್ಟೆ ತೆಗೆದುಕೊಂಡೆ. ಆ ಚೌಕದಲ್ಲಿ ಏನಿತ್ತೋ ಓದಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಓದಿದ್ದೆ. ‘ಬರೆಯಬೇಕಾದುದನ್ನು ಪೂರ್ತಿ ಬರೆಯಲು ಆಗಲಿಲ್ಲ, ಕಳೆದುಹೋಗಿರಬಹುದು’ ಎಂಬ ಅರ್ಥದ ಮಾತಿತ್ತು. ಒಂದು ಉಸಿರಿನಲ್ಲಿ ಓದಿ ಮುಗಿಸಿದ್ದೆ.

ಅಯ್ನೋರು ಅವಸರ ಮಾಡಿದರು ಎನ್ನುವುದು ನೆಪ. ಸಾವ್ಕಾರರ ನಿಯಮ ಎನ್ನುವುದೂ ನೆಪ. ಯಾಕೆಂದರೆ ಇದಾದ ಮೇಲೆಯೂ ಎಲ್ಲವೂ ಉಳಿಯುವಂತಿತ್ತು. ಕಾರ್ಡಿನಿಂದ ಕಟ್ ಮಾಡಿದ ಫೈಲು ತಕ್ಷಣ ಸಾಯುವುದಿಲ್ಲ. ಪಟ್ಟಿಯಿಂದ ಹೆಸರು ಹೋಗುತ್ತದೆ ಅಷ್ಟೇ. ಒಳಗಿನ ಮಾತು, ಅದರ ಮೇಲೆ ಬೇರೆಯದು ಬರೆಯುವವರೆಗೆ ಅಲ್ಲಿಯೇ ಬಿದ್ದಿರುತ್ತದೆ, ಹುಡುಕಿ ತೆಗೆಯಬಹುದು. ‘ಸಾವ್ಕಾರ್ರ, ಕಾರ್ಡ್ ಕೊಡಬ್ಯಾಡ್ರಿ, ತಪ್ಪಾಗ್ಯದ’ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ನಾನು ಆರತಿ ತೆಗೆದುಕೊಂಡೆ. ಕೊಬ್ಬರಿ ತುಂಡು ಬಾಯಿಗೆ ಹಾಕಿಕೊಂಡೆ. ಕಾರ್ಡು ಕ್ಯಾಮೆರಾದ ಹೊಟ್ಟೆಗೆ ಹೋಯಿತು, ಕ್ಯಾಮೆರಾ ಸುರಪುರಕ್ಕೆ ಹೋಯಿತು. ಡಿಸ್ಕನ್ನು ಬಟ್ಟೆಯ ಚೀಲದಲ್ಲಿ ಹಾಕಿ ಅಜ್ಜನ ಕೈಗೆ ಕೊಟ್ಟೆ. ಅಜ್ಜ ಅದನ್ನು ಎರಡೂ ಕೈಯಿಂದ ಹಿಡಿದು ಹಣೆಗೆ ಮುಟ್ಟಿಸಿಕೊಂಡ.

ಆಗಲೇ ಯಾಕೆ ಹೇಳಲಿಲ್ಲ? ಸಾವ್ಕಾರರು ಬೈಯುತ್ತಿದ್ದರು, ಇನ್ನೇನು. ‘ಕುರುಬರ ಹುಡುಗಿಗಿ ಮಷೀನ್ ಯಾಕ ಬೇಕಿತ್ತು’ ಎಂದು ಯಾರಾದರೂ ಆಡಿಕೊಳ್ಳುತ್ತಿದ್ದರು. ಅದಕ್ಕೆ ಹೆದರಿದೆ. ಉಳಿದಿದ್ದರೂ ಉಳಿದಿರಬಹುದು ಎಂಬ ಹುಸಿ ಆಸೆಯೂ ಇತ್ತು ಅನ್ನಿ.

ವಾರದೊಳಗೆ ಗೌಡರು ಅಂಗಡಿಗೆ ಬಂದರು. ಡಿಸ್ಕನ್ನು ಮೇಜಿನ ಮೇಲಿಟ್ಟರು.

“ಹೆಸರ ಎಲ್ಲಾ ಅವ. ಮೊದಲಿನ ಮೂರು ಬಿಟ್ರ ಒಳಗ ಏನೂ ಇಲ್ಲ. ಏನವ್ವ ಇದು?”

ಹಾಕಿ ನೋಡಿದೆ. ಇಪ್ಪತ್ತಮೂರು ಹೆಸರೂ ಸಾಲಾಗಿದ್ದವು. ಅಳತೆಯೂ ಸರಿಯಾಗಿತ್ತು. ಮೊದಲಿನ ಮೂರು ತೆರೆದುಕೊಂಡವು. ಅದರಲ್ಲಿ ಅಜ್ಜನ ದೇವರ ಸ್ತುತಿಯೂ ಮೂರು ಮನೆತನದ ಕಥೆಯೂ ಕೇಳಿದವು. ಉಳಿದ ಇಪ್ಪತ್ತೂ ಬರೀ ಸೊನ್ನೆ. ಫೈಲ್ ಸಿಸ್ಟಮ್ ತನ್ನ ಪಟ್ಟಿಯನ್ನು ಬಹಳ ಜೋಪಾನ ಮಾಡುತ್ತದೆ. ಎಂಥ ಆಘಾತವಾದರೂ ಹೆಸರು ಕೆಡದಂತೆ ಮೊದಲೇ ಬೇರೆ ಕಡೆ ಬರೆದಿಟ್ಟುಕೊಳ್ಳುತ್ತದೆ. ಹೆಸರಿನ ಒಳಗಿನ ಮಾತಿಗೆ ಆ ಭಾಗ್ಯವಿಲ್ಲ. ಒಂದೇ ನೋಟಕ್ಕೆ ನನಗೆ ಎಲ್ಲವೂ ತಿಳಿಯಿತು. ಗೌಡರು ನನ್ನ ಮುಖವನ್ನೇ ನೋಡುತ್ತಿದ್ದರು. ಆಗ ನಾನು ಆ ಮಾತು ಆಡಿದೆ —

“ನಾ ಕೊಡಾಗ ಎಲ್ಲಾ ಸರಿ ಇತ್ರಿ ಗೌಡ್ರ. ಇದು ನಿಮ್ಮ ಮನಿತನಕ ಯಾರ ಕೈಯಾಗ ಬಂತ್ರಿ?”

ಅಷ್ಟೇ. ಹೆಳವ ಕೆಡಿಸಿದ ಎಂದು ನಾನು ಅನ್ನಲಿಲ್ಲ. ಮೊದಲನೆಯ ವಾಕ್ಯ ಸುಳ್ಳು, ಎರಡನೆಯದು ಬರೀ ಪ್ರಶ್ನೆ. ಆದರೆ ಸುಳ್ಳಿಗಿಂತ ಆ ಪ್ರಶ್ನೆಯೇ ಹೆಚ್ಚು ಕೆಲಸ ಮಾಡಿತು.

“ಹೆಳವ ತಂದಾನ,” ಎಂದರು ಗೌಡರು. ಆಮೇಲೆ ತಮಗೆ ತಾವೇ ಹೇಳಿಕೊಳ್ಳುವಂತೆ, “ಹೌದಲ್ಲ… ಇದು ನಮ್ಮ ಮನ್ಯಾಗ ಇದ್ರ, ನಾಳಿ ಅಂವನ್ನ ಯಾರು ಕರೀತಾರ?”

ಕಾರಣವನ್ನೂ ಅವರೇ ಹುಡುಕಿಕೊಂಡರು. ನಾನು ತಲೆ ತಗ್ಗಿಸಿ ವೈರು ಸುತ್ತುತ್ತ ನಿಂತೆ. ಅವರು ಹೋದ ಮೇಲೆ ಕಂಪ್ಯೂಟರಿನ ದಿನಚರಿ ತೆಗೆದು ನೋಡಿದೆ. ಅಮಾವಾಸ್ಯೆಯ ದಿನ, ಪೂಜೆಯ ಹೊತ್ತು, ಡಿಸ್ಕು ಹೇಳದೆ ಹೋಯಿತು, ಬರಹ ಕಳೆದುಹೋಯಿತು — ಎಲ್ಲವೂ ಸಾಲು ಹಿಡಿದು ಬರೆದಿತ್ತು. ಅಳಿಸಿದೆ.

ಮುಂದೆ ನಡೆದದ್ದನ್ನು ಅವರಿವರಿಂದ ಕೇಳಿದೆ. ಆ ಸುಗ್ಗಿಯಲ್ಲಿ ಅಜ್ಜನ ಗಂಟೆ ಕೇಳಿಸಿದರೆ ಮುದನಾಳದಲ್ಲಿ ಬಾಗಿಲು ಮುಚ್ಚಿಕೊಂಡವು. ಒಂದು ಮನೆಯವರು ಕೊಡದಿದ್ದರೆ ಇನ್ನೊಂದು ಮನೆಯವರು ಯಾಕೆ ಕೊಟ್ಟಾರು? ಸುತ್ತಿನ ಮೂರು ಊರಿಗೂ ಮಾತು ಹಬ್ಬಿತು. ಏನೋ ಮಂತ್ರ ಹಾಕಿದನಂತೆ ಎಂದು ಒಬ್ಬರು, ಬಸ್ಸಿನಲ್ಲಿಯೇ ಒರೆಸಿದನಂತೆ ಎಂದು ಇನ್ನೊಬ್ಬರು. ಬಸ್ಸಿನಲ್ಲಿ ಡಿಸ್ಕು ಒರೆಸುವುದು! ಕೇಳಿ ನಗು ಬರಬೇಕಿತ್ತು; ನನಗೆ ಸಮಾಧಾನವಾಯಿತು. ಆಮೇಲೆ ಇನ್ನೂ ಒಂದು ಮಾತು ಹುಟ್ಟಿತು. ಇದನ್ನೇ ಕೆಡಿಸಿದವನು ಹಳೆಯ ಹೆಸರುಗಳನ್ನು ಮಾತ್ರ ಸರಿಯಾಗಿ ಹೇಳಿದ್ದನೆಂದು ಏನು ಗ್ಯಾರಂಟಿ? ಹೆಳವನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಇಲ್ಲ.

ಅಜ್ಜ ನನ್ನ ಹೆಸರು ಹೇಳಲಿಲ್ಲ. ದೀಪ ಮಿಣುಕುತ್ತಿದ್ದುದನ್ನು ಕಣ್ಣಾರೆ ನೋಡಿದವನು, ಬಾಯಿ ಬಿಟ್ಟು ನನ್ನನ್ನು ಎಚ್ಚರಿಸಿದವನು — ಒಂದು ಮಾತೂ ಆಡಲಿಲ್ಲ. ನೆಮ್ಮದಿಯಾಗಬೇಕಿತ್ತಲ್ಲವೇ? ಆಗಲಿಲ್ಲ. ಯಾಕೆ ಹೇಳುತ್ತಿಲ್ಲ ಎಂಬ ಸಂಶಯ ಹತ್ತಿತು. ಏನೋ ಮನಸ್ಸಿನಲ್ಲಿಟ್ಟುಕೊಂಡಿದ್ದಾನೆ, ಸರಿಯಾದ ಹೊತ್ತು ಕಾಯುತ್ತಿದ್ದಾನೆ ಎಂದುಕೊಂಡೆ. ಒಂದು ದಿನ ಅಂಗಡಿಯ ಎದುರಿನ ಬೇವಿನ ಕೆಳಗೆ ಅವನು ಎತ್ತು ನಿಲ್ಲಿಸಿ ಕೂತಿದ್ದನ್ನು ಕಂಡೆ. ಬಿಸಿಲಿಗೆ ದಣಿದು ಕೂತಿದ್ದನೋ ಏನೋ. ನಾನು ಮಾತ್ರ ಆ ದಿನವಿಡೀ ಕಿಟಕಿಯ ಹತ್ತಿರ ಹೋಗಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ. ನನ್ನನ್ನು ಕಳ್ಳಿ ಎಂದು ಯಾರೂ ಅಂದಿರಲಿಲ್ಲ, ಆದರೂ ವರ್ಷವಿಡೀ ಹೆಗಲು ಮುಟ್ಟಿಕೊಳ್ಳುತ್ತಲೇ ಇದ್ದೆ.

ಅವನು ವನದುರ್ಗಕ್ಕೆ ಬರುವ ದಿನಗಳಲ್ಲಿ ನಾನು ಊರಿಗೆ ಹೋಗುತ್ತಿರಲಿಲ್ಲ. ಆಮೇಲೆ ಅವ್ವನನ್ನು ಸುತ್ತಿ ಬಳಸಿ ಕೇಳುತ್ತಿದ್ದೆ — ಅಜ್ಜ ಏನಂದ, ನನ್ನನ್ನು ಕೇಳಿದನೇ, ಹೇಗೆ ಕೇಳಿದ? ‘ಹುಡುಗಿ ಆರಾಮದಾಳೇನು ಅಂದ’ ಎಂದು ಅವ್ವ ಹೇಳಿದರೆ, ಆ ‘ಆರಾಮ’ದಲ್ಲಿ ಏನೋ ಚುಚ್ಚು ಇದೆ ಎನಿಸುತ್ತಿತ್ತು. ಸುರಪುರದ ಕೆಲಸ ಸಿಕ್ಕಿ, ಮದುವೆಯಾಗಿ, ಮಗಳು ಹುಟ್ಟಿದ ಮೇಲೆ ಒಂದು ಸಲ ಅವನು ಕಾಲೇಜಿನ ಗೇಟಿಗೇ ಬಂದ. ನಾನು ಲ್ಯಾಬಿನ ಬಾಗಿಲು ಹಾಕಿಕೊಂಡು ಒಳಗೆ ಕೂತೆ. ಪ್ರಿನ್ಸಿಪಾಲರ ಎದುರು ಏನು ಹೇಳುತ್ತಾನೋ, ಏನು ಕೇಳುತ್ತಾನೋ… ಸ್ವಲ್ಪ ಹೊತ್ತಿಗೆ ಪ್ಯೂನ್ ಬಂದ.

“ಮೇಡಂ, ಯಾರೋ ಹೆಳವಜ್ಜ ಬಂದಿದ್ದ್ರಿ. ನಿಮ್ಮ ಕೂಸಿನ ಹೆಸರ ಕೇಳ್ಕೊಂಡು ಹೋಗ್ಯಾನ. ಬರಕೋಬೇಕಂತ.”

ಬಂದದ್ದು ಅಷ್ಟಕ್ಕೆ, ನಮ್ಮ ಮನೆತನದ ಪಟ್ಟಿಗೆ ಒಂದು ಕೂಸನ್ನು ಸೇರಿಸಿಕೊಳ್ಳಲು. ಅಳು ಬರಬೇಕಾದ ಮಾತು. ನಾನು ಮಾತ್ರ ಯೋಚಿಸಿದ್ದು ಬೇರೆಯೇ — ಕೂಸಿನ ಹೆಸರು ಇವನಿಗೆ ಯಾಕೆ ಬೇಕು? ಮಂತ್ರ ಹಾಕುತ್ತಾನೆಂದು ಮುದನಾಳದವರು ಆಡಿದ ಮಾತು, ನಾನೇ ಹುಟ್ಟಿಸಿದ ಸುಳ್ಳಿನ ಮರಿ, ಬಂದು ನನ್ನನ್ನೇ ಹೆದರಿಸಿತು. ಕಂಪ್ಯೂಟರ್ ಪಾಠ ಹೇಳುವವಳು ನಾನು.

ಆ ಹುಡುಗಿ ತರಗತಿಯಲ್ಲಿ ಕೇಳಿದ ವಾರವೇ ಅವ್ವನ ಫೋನು ಬಂತು. ಹೆಳವಜ್ಜ ಬಂದಾನ, ಎರಡು ದಿನ ಇರ್ತಾನ ಎಂದಳು. ಈ ಸಲ ಹೋದೆ.

ಅಜ್ಜ ಬಹಳ ಇಳಿದಿದ್ದ. ಎತ್ತಿನ ಮೇಲೆ ಕೂರಲು ಈಗ ಆಗುವುದಿಲ್ಲ. ಲಚಮವ್ವ ಆಟೊದಲ್ಲಿ ಕರೆದುಕೊಂಡು ಬಂದಿದ್ದಳು. ಅಪ್ಪ ಕಂಬಳಿ ಹಾಸಿ ಕೂಡಿಸಿದ್ದ. ಗಂಟೆ ಒಂದು ಸಲ ಬಾರಿಸಿ, ಕಣ್ಣು ಮುಚ್ಚಿ, ಅಜ್ಜ ನಮ್ಮ ಮನೆತನ ಹೇಳತೊಡಗಿದ. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ನಮ್ಮಲ್ಲಿ ಹೆಣ್ಣುಮಕ್ಕಳದು ಬರೀ ಹೆಸರು, ಕೊಟ್ಟ ಊರು — ಅಷ್ಟು ಹೇಳಿ ಮುಂದೆ ಹೋಗುವುದು ರೂಢಿ. ಆ ದಿನ ಅಜ್ಜ ಹೇಳಿದ್ದು ಹೀಗೆ:

“ಬೀರಪ್ಪನ ಮಗ ಸಿದ್ದಪ್ಪ, ಸಿದ್ದಪ್ಪನ ಮಗ ನಿಂಗಪ್ಪ, ನಿಂಗಪ್ಪನ ಮಗಳು ಮಾಳಮ್ಮ — ಮಷೀನಿನ ವಿದ್ಯಾ ಕಲ್ತಾಕಿ, ಹೆಳವರ ಮಾತು ಉಳಸಾಕ ಎರಡ ದಿನ ಕುಂತಾಕಿ…”

ಮನೆಯವರೆಲ್ಲ ನನ್ನ ಕಡೆ ತಿರುಗಿ ನಕ್ಕರು. ಅಪ್ಪನ ಮುಖದಲ್ಲಿ ಹೆಮ್ಮೆ. ಎಷ್ಟು ವರ್ಷದಿಂದ ಹೀಗೆ ಹೇಳುತ್ತಿದ್ದಾನೋ, ನಾನು ಎದುರಿಗೆ ಇರದ ಎಷ್ಟು ಸುಗ್ಗಿಗಳಲ್ಲಿ! ಆಗಲೂ ಮೊದಲು ಬಂದದ್ದು ಸಂಶಯವೇ — ಬೇಕೆಂದೇ ಹೇಳುತ್ತಿದ್ದಾನೆ, ಎಲ್ಲರ ಎದುರು ನನ್ನನ್ನು ಸುಡುತ್ತಿದ್ದಾನೆ ಎಂದುಕೊಂಡೆ. ಅವನ ಮುಖ ನೋಡಿದೆ. ಅಲ್ಲಿ ಏನೂ ಇರಲಿಲ್ಲ. ಮುದುಕ ತನ್ನ ಕೆಲಸ ಮಾಡುತ್ತಿದ್ದ, ಅಷ್ಟೇ.

ಎಲ್ಲರೂ ಊಟಕ್ಕೆ ಎದ್ದ ಮೇಲೆ ನಾನು ಅವನ ಎದುರು ನೆಲದ ಮೇಲೆ ಕೂತೆ. ಲಚಮವ್ವ ಪಕ್ಕದಲ್ಲಿ ನೋಟ್‌ಬುಕ್ ತೆರೆದು ನನ್ನ ಮಗಳ ಹೆಸರಿನ ಅಕ್ಷರ ಸರಿಯಿದೆಯೇ ಎಂದು ನೋಡುತ್ತಿದ್ದಳು.

“ಅಜ್ಜ, ಅವತ್ತು ಅಂಗಡ್ಯಾಗ ದೀಪ ಮಿಣಕಾಕತ್ತಿತ್ತು. ಮುಗ್ದದ ಅಂತ ಸುಳ್ಳು ಹೇಳಿ ಕಿತ್ತೆ. ಕೆಟ್ಟದ್ದು ನನ್ನಿಂದ. ಗೌಡ್ರ ಮುಂದ ನಿನ್ನ ಮ್ಯಾಲೆ ಬರೂಹಂಗ ಮಾತಾಡಿದ್ದೂ ನಾನೇ.”

ಲಚಮವ್ವನ ಪೆನ್ನು ನಿಂತಿತು. ಅಜ್ಜ ತಲೆಯಾಡಿಸಿದ.

“ದೀಪ ನೋಡಿದ್ನೆವ್ವ.”

“ಮತ್ತ ಯಾಕ ಹೇಳ್ಲಿಲ್ಲ?”

“ನಿಮ್ಮಜ್ಜನ ಕಂಬಳಿ ಹೊದ್ದೀನಿ, ನಿಮ್ಮಪ್ಪನ ಮನ್ಯಾಗ ಉಂಡೀನಿ. ಉಂಡ ಮನಿ ಜಂತಿ ಎಣಸಬಾರದು. ಹೆಳವ ಮನಿತನದ ಹೆಸರ ಎತ್ತಿ ಹೇಳಾಂವ, ತಗ್ಗಿಸಿ ಹೇಳಾಂವಲ್ಲ.”

“ಗೌಡ್ರ ಮನ್ಯಾಗೂ ಉಂಡಿದ್ದಿಯಲ್ಲಜ್ಜ?”

“ಹೌದು. ಅದಕ್ಕ ಅವ್ರಿಗೂ ಏನೂ ಅನ್ಲಿಲ್ಲ.”

ಮುದನಾಳದ್ದು ಈಗ ಹೇಳುತ್ತೀಯಾ, ನಾಳೆಯೇ ರೆಕಾರ್ಡರ್ ತರುತ್ತೇನೆ ಎಂದೆ. ಅಜ್ಜ ಬಹಳ ಹೊತ್ತು ಕಣ್ಣು ಮುಚ್ಚಿ ಕೂತ. ತುಟಿ ಅಲುಗಿದವು.

“ಬಾಯಿಗಿ ಬರಂಗಿಲ್ಲವ್ವ. ಹೇಳಿದ್ರ ಉಳಿತದ ನಮ್ದು. ಹನ್ನೊಂದ ವರ್ಷ ಯಾರೂ ಹೇಳ್ಸಿಲ್ಲ. ನಾಕ ತಲಿಮಾರು ಬರ್ತಾವ, ಮುಂದ ಖಾಲಿ.”

ನಾನು ಕ್ಷಮಿಸು ಎಂದು ಕೇಳಲು ಬಾಯಿ ತೆರೆದೆ. ಲಚಮವ್ವ ನೋಟ್‌ಬುಕ್ ಮುಚ್ಚಿದಳು.

“ಅಪ್ಪ ಏನೂ ಅನ್ನಂಗಿಲ್ಲ. ನಾ ಅಂತೀನಿ. ಮುದನಾಳದಾಗ ನಮ್ಮ ಎತ್ತಿಗಿ ನೀರ ಸೈತ ಕೊಡ್ಲಿಲ್ಲ. ಅಪ್ಪ ದಾರಿತುಂಬ ಅಳಕೋತ ಬಂದಾನ. ನೀ ಎಲ್ಲಿದ್ದಿ ಆವಾಗ?”

ಕೊನೆಗೆ ನಾನು ಕೇಳಿಕೊಂಡದ್ದು ಒಂದೇ: ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಇರುವ ಮಾತು ಅಳಿಸಿ, ನಿಜ ಬರೆಯಿರಿ. ಅಜ್ಜ ಕೈ ಅಡ್ಡ ಆಡಿಸಿದ. ಹೆಳವರ ಹೊತ್ತಿಗೆಯಲ್ಲಿ ಅಂಥದ್ದು ಬರೆಯುವ ಪದ್ಧತಿ ಇಲ್ಲ, ತಾನಂತೂ ಬರೆಯುವುದಿಲ್ಲ ಎಂದ. ಲಚಮವ್ವ ನನ್ನನ್ನೇ ನೋಡುತ್ತಿದ್ದಳು, ನಾನು ಇಷ್ಟು ಕೇಳಿ ಕೈ ತೊಳೆದುಕೊಳ್ಳುತ್ತೇನೆ ಎಂಬ ಸಂಶಯ ಅವಳ ಕಣ್ಣಲ್ಲಿ ಎದ್ದು ಕಾಣುತ್ತಿತ್ತು. ಈ ಸಲ ಆ ಸಂಶಯಕ್ಕೆ ಕಾರಣವಿತ್ತು.

“ಬೇಕಾದ್ರ ನೀನೇ ಬರಿ,” ಎಂದಳು. “ಬ್ಯಾರೆ ಹಾಳಿ ಮ್ಯಾಲೆ. ಬರದು ಮುದನಾಳಕ್ಕ ಹೋಗಿ, ಗೌಡ್ರ ಪಡಸಾಲ್ಯಾಗ ನಿಂತು ಓದು. ಅಲ್ಲೇ ಹೋಗ್ಯದ ಅಪ್ಪನ ಮಾತು.”

ಇದು ಆ ಬೇರೆ ಹಾಳೆ. ಬರುವ ಅಮಾವಾಸ್ಯೆಗೆ ಗೌಡರ ಮನೆಯಲ್ಲಿ ಪೂಜೆಗೆ ಊರವರೆಲ್ಲ ಸೇರುತ್ತಾರೆ. ಅಂದು ಹೋಗುತ್ತೇನೆ. ಗಂಡನಿಗೆ ನಿನ್ನೆ ಹೇಳಿದೆ. ಅವನು ರಾತ್ರಿ ಊಟ ಮಾಡಲಿಲ್ಲ. ಇಪ್ಪತ್ತು ಮನೆತನದ ಹೆಸರುಗಳನ್ನು ನಾನು ತಿರುಗಿ ತರಲಾರೆ. ಅಜ್ಜನ ಹನ್ನೊಂದು ಸುಗ್ಗಿಗಳನ್ನೂ ತರಲಾರೆ. ಅವನ ಮಾತನ್ನು ನಂಬಬಹುದು ಎಂದು ಹೇಳಬಲ್ಲೆ, ಯಾಕೆಂದರೆ ಜನ ನಂಬದಂತೆ ಮಾಡಿದವಳು ನಾನೇ. ಹೆಳವರ ಬಾಯಲ್ಲಿ ಬರದ ಸಾಲನ್ನು ನನ್ನ ಬಾಯಲ್ಲಿಯೇ ಹೇಳಬೇಕು, ಅವರು ಹೇಳುವ ಧಾಟಿಯಲ್ಲಿಯೇ —

ವನದುರ್ಗದ ಬೀರಪ್ಪನ ಮಗ ಸಿದ್ದಪ್ಪ, ಸಿದ್ದಪ್ಪನ ಮಗ ನಿಂಗಪ್ಪ, ನಿಂಗಪ್ಪನ ಮಗಳು ಮಾಳಮ್ಮ. ದೀಪ ಮಿಣಕತಿರಬೇಕಾದ್ರ ಕಿತ್ತಾಕಿ. ಗೊತ್ತಿದ್ದೂ ಸುಮ್ಮನಿದ್ದಾಕಿ. ಹೆಳವ ಹಣಮಂತಜ್ಜನ ಮ್ಯಾಲೆ ತಪ್ಪು ಹಾಕಿದಾಕಿ.